ಟ್ರಂಕಿನ ಬೆನ್ನು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪಾವಗಡದ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಜಮೀನು ತಂಟೆಯ ಕಡತಗಳನ್ನು ತಗಡಿನ ಟ್ರಂಕಿಗೆ ತುಂಬಿ, ಬೀಗ ಜಡಿದು, ಬೀಗದ ಮೇಲೆ ಅರಗಿನ ಮುದ್ರೆ ಒತ್ತಿ, ಬಸ್ಸಿನ ಟಾಪಿಗೆ ಹಾಕಿಸಿ ಮಧುಗಿರಿಯ ಮೇಲಿನ ಕಚೇರಿಗೆ ಕಳಿಸುವುದು ನನ್ನ ಕೆಲಸ. ಆ ಅರಗಿಗೆ ನಮ್ಮಲ್ಲಿ ದೇವರಷ್ಟು ಮರ್ಯಾದೆ ಇತ್ತು.

ಒಂದು ಸಲ ಮಧುಗಿರಿಯಲ್ಲಿ ಟ್ರಂಕು ತೆಗೆದರೆ ಒಂದು ಕಡತದ ಮುಖ್ಯ ಹಾಳೆಯೇ ಇಲ್ಲ. ಮುದ್ರೆ ಮಾತ್ರ ಹಾಕಿದ ಹಾಗೇ ಇತ್ತು. ಹಾಗಾದರೆ ಕದ್ದವಳು ಮುದ್ರೆ ಹಾಕಿದವಳೇ ಎಂದು ತೀರ್ಮಾನಿಸಿ ನನ್ನನ್ನು ಕರೆಸಿದರು.

"ಸೀಲ್ ಒಡೆದಿಲ್ಲ, ಬೀಗ ಮುರಿದಿಲ್ಲ. ಹಾಳೆಗೇನು ರೆಕ್ಕೆ ಬಂತೇನಮ್ಮ?" ಎಂದರು ಅಲ್ಲಿನ ಸಾಹೇಬರು. ಕೆಲಸದಿಂದ ತೆಗೆಯುವ ಮಾತೂ ಬಂತು.

ಸಿಟ್ಟಿಗೆ ಮೈಯೆಲ್ಲ ಉರಿಯಿತು. ಅಳಲಿಲ್ಲ. ಅದೇ ಟ್ರಂಕಿಗೆ ಅವರಿಂದಲೇ ಬೀಗ ಹಾಕಿಸಿ, ಅವರ ಕೈಯಿಂದಲೇ ಅರಗು ಒತ್ತಿಸಿದೆ. ಆಮೇಲೆ ಟ್ರಂಕು ತಿರುಗಿಸಿ, ಮುಚ್ಚಳದ ಹಿಂದಿನ ಕೀಲುಗಳಲ್ಲಿದ್ದ ಸಡಿಲ ಕಂಬಿಯನ್ನು ತಲೆಯ ಹೇರ್‌ಪಿನ್ನಿನಿಂದ ತಳ್ಳಿದೆ. ಕಂಬಿ ಈಚೆ ಬಂತು, ಮುಚ್ಚಳ ಹಿಂದಿನಿಂದ ಎದ್ದಿತು. ಸುತ್ತ ನಿಂತ ಕಚೇರಿಯವರೆಲ್ಲ ನೋಡುತ್ತಿದ್ದಂತೆ ಕೈ ಹಾಕಿ ಒಂದು ಕಡತ ತೆಗೆದು ಮೇಜಿನ ಮೇಲಿಟ್ಟೆ. ಅರಗು ಮಿಸುಕಿರಲಿಲ್ಲ.

ಇದು ನಮ್ಮ ಮನೆಯ ವಿದ್ಯೆ. ಹೊಳವನಹಳ್ಳಿ ಕಡೆ ಕುರಿ ಕಾಯುವ ಮಂದಿ ನಾವು. ಅಜ್ಜಿ ಬೆಲ್ಲದ ಪೆಟ್ಟಿಗೆಯ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ತಿರುಗುತ್ತಿದ್ದಳು. ಅವ್ವ ಹಿಂದಿನ ಕಂಬಿ ಕಿತ್ತು ಬೆಲ್ಲ ತೆಗೆದು ನಮ್ಮ ಬಾಯಿಗಿಡುತ್ತಿದ್ದಳು. "ನಮ್ಮತ್ತೆಗೆ ಬೀಗದ್ ಮ್ಯಾಲೇ ಕಣ್ಣು ಕಣಮ್ಮ. ಹಿಂದ್ಗಡೆ ನೋಡೋರ್ಯಾರು ಬುಡು" ಎಂದು ನಗುತ್ತಿದ್ದಳು.

ಸಾಹೇಬರು ನಗಲಿಲ್ಲ. "ನಾಲ್ಕು ಜನದ ಮುಂದೆ ಇದನ್ನ ತೋರಿಸಿದ್ದು ತಪ್ಪು. ಇನ್ನು ಎಲ್ಲರೂ ಕಲಿತುಬಿಡ್ತಾರೆ. ಬಾಯಿ ಮುಚ್ಚಿಕೊಂಡಿದ್ದರೆ ನಿನ್ನ ಕೆಲಸ ಉಳಿಯುತ್ತೆ" ಎಂದರು.

ಸಿಟ್ಟಿನಲ್ಲಿ ನನಗೆ ಊರ ಮಾತೇ ಬಂತು. "ಕದಿಯೋರು ಆಗ್ಲೇ ಕಲ್ತವ್ರೆ ಸಾರ್. ಗೊತ್ತಿಲ್ದೆ ಇದ್ದೋರು ನೀವೇಯ!"

ಆದರೆ ನಾನು ಕದ್ದಿಲ್ಲ ಎಂಬ ಒಂದು ಮಾತು ಮಾತ್ರ ಅವರ ಬಾಯಿಂದ ಹೊರಡಲಿಲ್ಲ. ಅದು ನನ್ನನ್ನು ಕೊರೆಯುತ್ತಲೇ ಇತ್ತು.

ಪಾವಗಡಕ್ಕೆ ಬಂದವಳೇ, ಜೊತೆಯಲ್ಲಿ ವಾಪಸು ತಂದಿದ್ದ ಆ ಟ್ರಂಕನ್ನು ಕಮ್ಮಾರನ ಹತ್ತಿರ ಹೊರಿಸಿಕೊಂಡು ಹೋದೆ. ಕಂಬಿಯ ಎರಡೂ ತುದಿ ಬಡಿದು ಅಗಲ ಮಾಡು, ಮತ್ತೆ ಈಚೆ ಬರಬಾರದು ಎಂದೆ. ಅವನು ಹಿಂಜರಿದು, ತೆಲುಗು ಬೆರೆತ ತನ್ನ ಕನ್ನಡದಲ್ಲಿ ಅಂದ:

"ಗೌರ್ಮೆಂಟ್ ಪೆಟ್ಟೆ ಕದಮ್ಮಾ. ನನ್ ತಲೆ ಮ್ಯಾಕೆ ಬಂದ್ರೆ?"

"ನನ್ ತಲೆ ಮ್ಯಾಕೆ ಬರ್ಲಿ. ಬಡಿಯಣ್ಣ."

ಬಂತು. ಸರ್ಕಾರಿ ಸ್ವತ್ತು ಹಾಳುಮಾಡಿದ್ದಕ್ಕೆ ಮಧುಗಿರಿಯಿಂದ ಮೆಮೋ. ಕಂಬಿ ಬಡಿಯದ ಟ್ರಂಕಿಗೆ ನಾನು ಮುದ್ರೆ ಹಾಕುವುದಿಲ್ಲ ಎಂದು ಉತ್ತರ ಬರೆದೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು. ಆದರೂ ಬರೆದದ್ದನ್ನು ಹರಿಯಲಿಲ್ಲ.

ಕೆಲವು ವಾರಗಳ ಮೇಲೆ ಸಾಹೇಬರು ತಪಾಸಣೆಗೆ ಪಾವಗಡಕ್ಕೆ ಬಂದರು. ಊಟ ಮುಗಿಸಿ ನಾನು ಕೋಣೆಗೆ ಬಂದರೆ, ಅವರೊಬ್ಬರೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಟ್ರಂಕಿನ ಹಿಂದಿನ ಕೀಲಿಗೆ ಗುಂಡುಸೂಜಿ ಹಿಡಿದು ತಿವಿಯುತ್ತಿದ್ದರು. ಹಣೆಯ ಮೇಲೆ ಬೆವರು.

ನಾನು ತಲೆಯಿಂದ ಹೇರ್‌ಪಿನ್ ತೆಗೆದು ಅವರ ಮುಂದೆ ಹಿಡಿದೆ. "ಇದರಲ್ಲೂ ಬರಲ್ಲ ಸಾರ್. ಬೇಕಾದ್ರೆ ನೋಡಿ."

ಅವರು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡರು. "ಆಯ್ತಮ್ಮ, ಆ ಮೆಮೋ ವಿಷಯ ಮರೆತುಬಿಡು."

"ಮರೆಯೋಕಾಗಲ್ಲ ಸಾರ್," ಎಂದು ಒಂದು ಬಿಳಿ ಹಾಳೆ, ಒಂದು ಪೆನ್ನು ಟ್ರಂಕಿನ ಮೇಲೆಯೇ ಇಟ್ಟೆ. "ನಾನು ಕಳ್ಳಿ ಅಲ್ಲ ಅಂತ ಬರೆದುಕೊಡಿ. ಸೀಲ್ ಹಾಕಿ."