ಅವನು ತುಂಬಿಸಿದ ಎಂಟು ಎಣಿಕೆ

ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರ ಗೋಡೆಯ ಮೇಲಿನ ಪೋಸ್ಟರಿನಲ್ಲಿ ಅವನ ಮುಖ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಕಪ್ಪು ಕನ್ನಡಕ, ಬಣ್ಣ ಹಚ್ಚಿದ ಕೂದಲು, ಕೆಳಗೆ ‘ನಮ್ಮೂರ ಟೆಕ್ನೋ ಜನಕ’ ಎಂಬ ಬಿರುದು. ಹಳೆಯ ಟ್ರ್ಯಾಕುಗಳು ಹೊಸ ಮೆರುಗಿನಲ್ಲಿ, ಇಂದಿನ ಡ್ಯಾನ್ಸ್ ಫ್ಲೋರಿಗಾಗಿ ಮರುಬಿಡುಗಡೆಯಂತೆ. ಚನ್ನರಾಯಪಟ್ಟಣದಲ್ಲಿ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುತ್ತಿದ್ದ ಆಸಾಮಿ ಅವನು. ವೈರು ಸುತ್ತಿಡುವುದು ಬಿಟ್ಟರೆ ಸಂಗೀತಕ್ಕೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ.

ಆ ಟ್ರ್ಯಾಕುಗಳನ್ನು ಮಾಡಿದವಳು ನಾನು. ಇಪ್ಪತ್ತು ವರ್ಷದ ಹಿಂದೆ ಹೊಳೆನರಸೀಪುರದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದೆ. ಗಿರಾಕಿಗಳಿಲ್ಲದ ಮಧ್ಯಾಹ್ನ, ಲಗ್ನಪತ್ರಿಕೆ ಟೈಪು ಮಾಡುವ ಕಂಪ್ಯೂಟರಿನಲ್ಲೇ ಒಂದೊಂದಾಗಿ ಬಡಿತ ಕೂರಿಸುತ್ತಿದ್ದೆ. ಹಾಡಿಲ್ಲ, ಮಾತಿಲ್ಲ, ಬರೀ ಬಡಿತ ಮತ್ತು ಗುಂಯ್‌ಗುಡುವ ಒಂದು ಸ್ವರ. ಅವನು ಸಿಡಿ ಒಯ್ದು ಗಣೇಶನ ಮೆರವಣಿಗೆಗೆ ಹಾಕಿಸುತ್ತಿದ್ದ. “ಎಂಗಸ್ರ ಎಸ್ರು ಆಕುದ್ರೆ ಯಾರೂ ಕುಣಿಯಲ್ಲ ಕಣಮ್ಮ” ಎಂದು ಸಿಡಿಯ ಮೇಲೆ ತನ್ನ ಹೆಸರು ಹಾಕಿಸಿಕೊಂಡ. ಆ ಲೇಬಲ್ಲನ್ನು ಟೈಪು ಮಾಡಿಕೊಟ್ಟವಳೂ ನಾನೇ. ಅದಕ್ಕಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಫೋನು ಮಾಡಿ, ಈಗಲಾದರೂ ನನ್ನ ಹೆಸರು ಹಾಕಿಸು ಎಂದೆ.

“ಈಗ್ಯಾಕಮ್ಮ ಅದೆಲ್ಲ? ನಿನ್ತಾವ ಸಾಕ್ಷಿ ಏನೈತೆ?” ಎಂದ.

ಸಾಕ್ಷಿ ಇರಲಿಲ್ಲ. ಕಂಪ್ಯೂಟರು ಗುಜರಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಹೊತ್ತೊಯ್ದ ಟೆಂಪೋ ಅವನದೇ.

ಸಿಟ್ಟಿನಲ್ಲೇ, ಪ್ರಚಾರಕ್ಕೆಂದು ಮೊದಲೇ ಹರಿಬಿಟ್ಟಿದ್ದ ಹೊಸ ಟ್ರ್ಯಾಕೊಂದನ್ನು ಮೊಬೈಲಿನಲ್ಲಿ ಹಾಕಿದೆ. ಬಡಿತ ದಪ್ಪಗೆ, ಸ್ವಚ್ಛವಾಗಿ ಕೇಳುತ್ತಿತ್ತು. ಹೊಟ್ಟೆಕಿಚ್ಚಿನಲ್ಲೂ ಒಪ್ಪಬೇಕು, ಚೆನ್ನಾಗಿತ್ತು. ಮೂರನೇ ನಿಮಿಷಕ್ಕೆ ಎದ್ದು ಕುಳಿತೆ. ಅಲ್ಲಿ ನಾನು ಎಂಟು ಎಣಿಕೆ ಖಾಲಿ ಬಿಟ್ಟಿದ್ದೆ. ಇವನು ಅದನ್ನು ಬಡಿತದಿಂದ ತುಂಬಿಸಿದ್ದ.

ಮೆರವಣಿಗೆ ಸಾಗುವ ಅರಕಲಗೂಡಿನ ಬೀದಿಗಳಲ್ಲಿ ಆಗ ಕರೆಂಟಿನ ತಂತಿಗಳು ತಗ್ಗಿನಲ್ಲಿ ಜೋತುಬಿದ್ದಿರುತ್ತಿದ್ದವು. ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಸ್ಪೀಕರುಗಳು ದಾಟಬೇಕಾದರೆ ನನ್ನ ಅಣ್ಣ ಒಣಬಿದಿರಿನ ಗಳದಿಂದ ತಂತಿಯನ್ನು ಮೇಲೆತ್ತಿ, ಡ್ರೈವರಿಗೆ “ಓಗ್ಲೀ” ಎಂದು ಕೂಗಬೇಕಿತ್ತು. ಒಮ್ಮೆ ಗದ್ದಲದಲ್ಲಿ ಡ್ರೈವರಿಗೆ ಏನೂ ಕೇಳಿಸದೆ, ತಂತಿ ತಗುಲಿ ಕಿಡಿ ಹಾರಿ ಅಣ್ಣನ ಅಂಗೈ ಸುಟ್ಟಿತು. ಅಂದಿನಿಂದ ಪ್ರತಿ ಮೂರು ನಿಮಿಷಕ್ಕೆ ಎಂಟು ಎಣಿಕೆ ಸದ್ದಿಲ್ಲದ ಜಾಗ ಇಟ್ಟೆ. ತಂತಿ ಎದುರಾದರೆ ಟ್ರ್ಯಾಕ್ಟರು ಆ ಜಾಗ ಬರುವವರೆಗೆ ಕಾಯುತ್ತಿತ್ತು. ಬರಬರುತ್ತ ಕುಣಿಯುವವರೆಲ್ಲ ಅಣ್ಣನ ಜೊತೆ ಒಟ್ಟಿಗೆ “ಓಗ್ಲೀ” ಎಂದು ಕೂಗತೊಡಗಿದರು. ಮೆರವಣಿಗೆಯ ಹಿಂದೆ ಒಂದು ದಿನವೂ ನಡೆಯದ ಈ ಮಹಾಶಯ ಅದನ್ನು ಸಿಡಿ ಹಾಳಾದ ಜಾಗ ಎಂದುಕೊಂಡಿದ್ದ.

ಮರುಬಿಡುಗಡೆ ಹಾಸನದ ಒಂದು ಕಲ್ಯಾಣಮಂಟಪದಲ್ಲಿ, ಭಾನುವಾರ ಮಧ್ಯಾಹ್ನ. ಜಗಳಕ್ಕೆಂದೇ ಹೋಗಿದ್ದೆ. ವೇದಿಕೆಯ ಮೇಲೆ ಅವನು, ಪಕ್ಕದಲ್ಲಿ ಟ್ರ್ಯಾಕುಗಳನ್ನು ಹೊಸದು ಮಾಡಿದ ಬೆಂಗಳೂರಿನ ಸೌಂಡ್ ಎಂಜಿನಿಯರ್, ಮೂವತ್ತರ ಆಸುಪಾಸಿನ ಹೆಂಗಸು. ಟ್ರ್ಯಾಕು ಶುರುವಾಗಿ ಮೂರನೇ ನಿಮಿಷಕ್ಕೆ ಸರಿಯಾಗಿ, ನಲವತ್ತು ದಾಟಿದವರೆಲ್ಲ ಕೈಯೆತ್ತಿ “ಓಗ್ಲೀ” ಎಂದು ಕೂಗಿದರು. ಬಡಿತ ಅದನ್ನು ನುಂಗಿಹಾಕಿತು. ಅವನು ತನಗೇ ಜೈಕಾರ ಎಂದುಕೊಂಡು ಕೈಮುಗಿದ. ಆರನೇ ನಿಮಿಷಕ್ಕೆ ಮತ್ತೆ ಕೂಗಿದರು, ಈ ಸಲ ಪೆಚ್ಚಾಗಿ ನಿಂತುಬಿಟ್ಟರು.

ಎಂಜಿನಿಯರ್ ಟ್ರ್ಯಾಕು ನಿಲ್ಲಿಸಿ ಮೈಕಿನಲ್ಲೇ ಕೇಳಿದಳು: “ಸರ್, ಇವರೆಲ್ಲ ಯಾಕೆ ಕೂಗ್ತಿದ್ದಾರೆ?”

“ಖುಸಿಗೆ” ಎಂದ.

ಕೆಳಗಿನಿಂದ ಅಣ್ಣನ ಹಳೆಯ ಜೊತೆಗಾರರು ಯಾರೋ, “ತಂತಿ ಎತ್ತಕೆ ಜಾಗವೇ ಬುಟ್ಟಿಲ್ವಲ್ಲ ಸಾ, ಆ ಡಿಟಿಪಿ ಅಮ್ಮನ್ನ ಕೇಳಿ” ಎಂದು ನನ್ನ ಕಡೆ ಕೈ ತೋರಿಸಿದರು. ಮಂಟಪ ಗೊಳ್ಳೆಂದಿತು.

ಅವಳು ನನ್ನ ಬಳಿ ಇಳಿದುಬಂದಳು. ಹಿಂದೆಯೇ ಅವನೂ ಬಂದ. “ಖಾಲಿ ಜಾಗ ಎಲ್ಲೆಲ್ಲಿತ್ತು ಯೋಳ್ಬುಡಮ್ಮ, ಇಬ್ರ ಎಸ್ರೂ ಆಕ್ಸಾನ” ಎಂದ.

“ನನ್ನ ಎಸ್ರು ಒಂದೇ ಆಕ್ಸು. ಆಗಲ್ಲ ಅಂದ್ರೆ ಇಂಗೇ ಬುಡು. ಎಲ್ಲಿ ಆಕುದ್ರೂ ಜನ ಕೂಗ್ತಾರೆ, ಯಾಕೆ ಅಂತ ನೀನೇ ಯೋಳ್ಕೊ” ಎಂದೆ.

ಎಂಜಿನಿಯರ್ ಅವನ ಮುಖ ನೋಡುತ್ತ, “ಮಾಡಿದ್ದು ಯಾರು ಸರ್?” ಎಂದು ಕೇಳಿದಳು. ಅವನು ನೆಲ ನೋಡಿಕೊಂಡು, ತುಟಿಯಂಚಿನಲ್ಲಿ ನನ್ನ ಹೆಸರು ಹೇಳಿದ. ಇಷ್ಟು ವರ್ಷದಲ್ಲಿ ಅವನ ಬಾಯಲ್ಲಿ ನನ್ನ ಹೆಸರು ಬಂದದ್ದು ಅದೇ ಮೊದಲು. ನನಗೆ ಸಮಾಧಾನವಾಗಲಿಲ್ಲ.

“ಮೈಕ್ನಾಗೆ ಯೋಳು” ಎಂದೆ.