ನನ್ನ ಮನಿ ಹೇಳ್ತು

ಇಳಕಲ್ ಸೀರೆಯ ಸೆರಗನ್ನು ಆಡು ತಿನ್ನುವುದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮಕ್ಕನ ಮನೆಯಲ್ಲೇ.

ಆಡು ಪಡಸಾಲೆಯಲ್ಲಿ, ಅಕ್ಕ ಒಳಗಿನ ಮಗ್ಗದಲ್ಲಿ. ಪವರ್‌ಲೂಮ್ ಶೆಡ್ಡಿನಲ್ಲಿ ವರ್ಷಗಟ್ಟಲೆ ದುಡಿದು ಅವಳ ಕಿವಿ ಪೂರ್ತಿ ಹೋಗಿದೆ. (ತುಟಿ ನೋಡಿ ಮಾತು ತಿಳಿಯುತ್ತಾಳೆ. ಬೈದರೆ ಬೇಗ ತಿಳಿಯುತ್ತದೆ.) ಭಾವ ತೀರಿಕೊಂಡ ಮೇಲೆ ಒಬ್ಬಳೇ. ಬಾಗಿಲು ಹಾಕಿಕೊಂಡರೆ ಬಂದವರು ತಟ್ಟಿ ತಟ್ಟಿ ವಾಪಸ್. ಹಾಗಾಗಿ ಹಗಲೆಲ್ಲ ತೆರೆದೇ ಇಡುತ್ತಿದ್ದಳು.

ಇವತ್ತು ಆಡು. ನಾಳೆ?

ನಮ್ಮಣ್ಣ ತೀರ್ಪು ಕೊಟ್ಟೇಬಿಟ್ಟ. “ಮಗ್ಗ ಮಾರಿ ಬಾಗಲಕೋಟಿಗೆ ಬಂದಬಿಡು.”

“ಅಲ್ಲಿ ಬಂದು ಏನ್ ಮಾಡ್ಲಿ? ನಿಮ್ಮ ಟಿವಿ ಮುಂದ ಕುಂದರ್ಲೇನು?” ಎಂದಳು ಅಕ್ಕ.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವನು. ಮನೆಯ ಹಳೆಯ ಕಂಪ್ಯೂಟರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಇಳಕಲ್‌ಗೆ, ಅಕ್ಕನ ಮನೆಗೆ ಒಯ್ದೆ. ಪ್ರಿಂಟರ್ ಸಿಕ್ಕಿಸುವ ಜಾಗದಿಂದ ಬಾಗಿಲ ಹೊರಗಿನ ಹೊಸ ಬೆಲ್ ಬಟನ್ನಿಗೆ, ನಳಕ್ಕೆ, ಮಗ್ಗದ ಮೇಲೆ ತೂಗುಹಾಕಿದ ಬಲ್ಬಿಗೆ ವೈರ್ ಎಳೆದೆ. ಬೆಲ್ ಒತ್ತಿದರೆ ಮಗ್ಗದ ಮೇಲಿನ ಬಲ್ಬ್ ಎರಡು ಸಲ ಮಿನುಗಬೇಕು, ನಳದಲ್ಲಿ ನೀರು ಬಂದರೆ ಮಿನುಗುತ್ತಲೇ ಇರಬೇಕು. (ಕರೆಂಟ್ ಇದ್ದಾಗ, ಅನ್ನಿ.) ಬಾಗಿಲಿಗೆ ಹೊಸ ಚಿಲಕವೂ ಬಂತು.

ಬಲ್ಬ್ ಮಿನುಗಿತು. ಅಕ್ಕ ಎದ್ದು ಹೋದಳು. ಬಾಗಿಲಲ್ಲಿ ಯಾರೂ ಇಲ್ಲ. ಮತ್ತೆ ಮಿನುಗಿತು. ಮತ್ತೆ ಯಾರೂ ಇಲ್ಲ.

“ದೆವ್ವ ಬೆಲ್ ಒತ್ತಾಕತ್ತೈತೇನ್ ನೋಡು,” ಎಂದಳು.

ಮರುದಿನ ಬಲ್ಬಿನತ್ತ ನೋಡುವುದನ್ನೇ ಬಿಟ್ಟಳು. ನನಗೆ ಹೆದರಿಕೆಯಾದದ್ದು ಆಗ. ಸುಳ್ಳು ಹೇಳುವ ಬೆಲ್ಲನ್ನು ಯಾರು ನಂಬುತ್ತಾರೆ?

ಪ್ರೋಗ್ರಾಂ ತಿದ್ದಿದೆ. ಸ್ವಿಚ್ ಬದಲಿಸಿದೆ. ದೆವ್ವ ಜಗ್ಗಲಿಲ್ಲ. ಮಧ್ಯಾಹ್ನ ರೊಟ್ಟಿ ಮುರಿಯುತ್ತ ಕೂತಾಗ ಓಣಿ ಒಮ್ಮೆಲೇ ಶಾಂತವಾಯಿತು. ಪಕ್ಕದ ಶೆಡ್ಡಿನವರು ಊಟಕ್ಕೆಂದು ಪವರ್‌ಲೂಮ್ ನಿಲ್ಲಿಸಿದ್ದರು. ನಮ್ಮ ಬಲ್ಬೂ ಸುಮ್ಮನಾಯಿತು. ಅವರು ಮತ್ತೆ ಚಾಲೂ ಮಾಡಿದರು. ಬಲ್ಬ್ ಮಿನುಗಿತು.

ಸಿಕ್ಕಿತಲ್ಲ ದೆವ್ವ.

ಮೋಟರ್ ಚಾಲೂ ಆದಾಗಲೆಲ್ಲ ಅದರ ಕರೆಂಟಿನ ಜರ್ಕು ನನ್ನ ಉದ್ದನೆಯ ಬೆಲ್ ವೈರಿನೊಳಗೆ ನುಗ್ಗುತ್ತಿತ್ತು. ವೈರ್ ಕಿತ್ತು, ಲೋಹದ ಹೊದಿಕೆಯಿರುವ ಟಿವಿ ಕೇಬಲ್ ಎಳೆದೆ. ಬಟನ್ನನ್ನು ತುಸು ಹೊತ್ತು ಒತ್ತಿ ಹಿಡಿದರೆ ಮಾತ್ರ ನಂಬು ಎಂದು ಕಂಪ್ಯೂಟರಿಗೆ ಹೇಳಿದೆ.

ಸಂಜೆಯವರೆಗೆ ಬಲ್ಬ್ ಅಲುಗಲಿಲ್ಲ. ಆಮೇಲೆ ಎರಡು ಸಲ ಮಿನುಗಿತು. ಅಕ್ಕ ಅನುಮಾನದಿಂದಲೇ ಎದ್ದು ಚಿಲಕ ತೆಗೆದಳು. ಹೊರಗೆ ಅವಳ ಹಳೆಯ ಗೆಳತಿ ಶಾಂತವ್ವ.

“ಬಾಗಲಾ ಹಾಕಿತ್ತು, ಹೊಳ್ಳಿ ಹೋಗೋಣ ಅಂತ ಮಾಡಿದ್ದೆ. ಬಟನ್ ಕಂಡು ಸುಮ್ಮ ಒತ್ತಿದೆ. ನಾ ಬಂದದ್ದು ನಿನಗ ಹೆಂಗ ತಿಳೀತು?”

“ನನ್ನ ಮನಿ ಹೇಳ್ತು,” ಎಂದಳು ಅಕ್ಕ.

ನಾನು ಹೊರಟಾಗ ಹೊಸ್ತಿಲವರೆಗೆ ಬಂದಳು. “ಮುಂದಿನ ಸಲ ಸೀದಾ ಒಳಗ ನುಗ್ಗಬ್ಯಾಡ. ಬೆಲ್ ಒತ್ತಿ ನಿಂದ್ರು.” ನನ್ನ ಮುಖದ ಮೇಲೆಯೇ ಬಾಗಿಲು ಹಾಕಿಕೊಂಡಳು.

ಒಳಗಿನಿಂದ ಚಿಲಕ ಬೀಳುವ ಸದ್ದು ಇಷ್ಟು ಇಂಪಾಗಿರುತ್ತದೆಂದು ಯಾರಿಗೆ ಗೊತ್ತಿತ್ತು?