ಅಕ್ಕ ಗ್ರೀಸ್ ಹಚ್ಚಿದ ಬುಶ್‌ಗಳು

ನಮ್ಮ ಕಾರು ಹಟ್ಟಿಯ ಗಣಿಯಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರಿಂದ ಕೊಂಡದ್ದು. ಕೊಳ್ಳುವಾಗಲೇ ಅದರ ಪ್ರಾಯ ಮುಗಿದಿತ್ತು. ಆದರೂ ಜವಳಗೇರಾದಿಂದ ಮಸ್ಕಿಯ ನನ್ನ ಆಫೀಸಿಗೆ ಒಂದು ದಿನವೂ ಕೈಕೊಡದೆ ಓಡಾಡಿಕೊಂಡಿತ್ತು. ಮುಂದಿನ ಗಾಲಿಗಳ ಹತ್ತಿರ ಲಟಕ್ ಲಟಕ್ ಎಂಬ ಸಪ್ಪಳ ಶುರುವಾದಾಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಹಳೆಯ ಕಾರು ಸಪ್ಪಳ ಮಾಡದೆ ಸಂಗೀತ ಹಾಡುತ್ತದೆಯೇ ಅಂದುಕೊಂಡೆ. ತಲೆ ಕೆಡಿಸಿಕೊಂಡದ್ದು ನಮ್ಮಕ್ಕ ಅದರ ಹಿಂದಿನ ಸೀಟಿನಲ್ಲಿ ಮಲಗಿ ಹೋಗುವ ಕಾಲ ಬಂದಾಗ.

ಅವ್ವ ಬೇಗ ಹೋದದ್ದರಿಂದ ನನ್ನನ್ನು ಸಾಕಿದವಳು ಅಕ್ಕನೇ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದಿದ್ದಳು. ಎಲ್ಲೋ ಶುರುವಾದ ರೋಗ ಅವಳ ಬೆನ್ನೆಲುಬಿಗೆ ಇಳಿದಿತ್ತು. ರಾಯಚೂರಿನಲ್ಲಿ ನೋಡಿದವರೂ ಸಿಂಧನೂರಿನಲ್ಲಿ ನೋಡಿದವರೂ ಹೇಳಿದ್ದು ಒಂದೇ ಮಾತು: ವಾಸಿಯಾಗುವ ಮಾತು ಬಿಡಿ, ವಾರಕ್ಕೊಮ್ಮೆ ಕರೆದುಕೊಂಡು ಬನ್ನಿ, ನೋವಿಗೆ ಸೂಜಿ ಹಾಕುತ್ತೇವೆ. ಹಾಗೆ ವಾರಕ್ಕೊಮ್ಮೆ ಸಿಂಧನೂರಿಗೆ ನಮ್ಮ ಪ್ರಯಾಣ. ಸೂಜಿ ಕೊಟ್ಟ ಸುಖವನ್ನು ಮನೆ ಮುಟ್ಟುವಷ್ಟರಲ್ಲಿ ರಸ್ತೆ ಕಸಿದುಕೊಳ್ಳುತ್ತಿತ್ತು.

ರಸ್ತೆಯನ್ನು ಬೈದು ಏನು ಮಾಡುವುದು? ನಮ್ಮ ಕಡೆ ಬತ್ತ ನಾಟಿಯ ದಿನಗಳಲ್ಲಿ ಕೆಸರು ತುಳಿಯುವ ಕಬ್ಬಿಣದ ಗಾಲಿಗಳನ್ನು ಬಿಚ್ಚದೆಯೇ ಟ್ರಾಕ್ಟರುಗಳನ್ನು ಡಾಂಬರಿನ ಮೇಲೆ ಓಡಿಸುತ್ತಾರೆ. ರಸ್ತೆಯ ಮೈಮೇಲೆಲ್ಲ ಹಲ್ಲಿನ ಗುರುತು. ಒಂದು ದಿನ ಕಾರು ಅಡ್ಡ ನಿಲ್ಲಿಸಿ ಒಬ್ಬನನ್ನು ಚೆನ್ನಾಗಿ ಬೈದೆ. ಅವನು ಸಿಟ್ಟಾಗಲಿಲ್ಲ. ಗಾಲಿ ಬಿಚ್ಚಿ ಹಾಕುವುದರಲ್ಲಿ ಅರ್ಧ ಹೊತ್ತು ಹೋಗುತ್ತದೆ, ಅಷ್ಟರಲ್ಲಿ ಕಾಲುವೆಯ ನೀರು ಇನ್ನೊಬ್ಬನ ಗದ್ದೆಗೆ ಹೋಗಿರುತ್ತದೆ ಎಂದು ಸಮಾಧಾನವಾಗಿ ಹೇಳಿ ಮುಂದೆ ಹೋದ. 

ರಸ್ತೆ ನನ್ನ ಕೈಯಲ್ಲಿರಲಿಲ್ಲ, ರೋಗವೂ ಇರಲಿಲ್ಲ. ಕೈಯಲ್ಲಿದ್ದದ್ದು ಆ ಲಟಕ್ ಒಂದೇ. ಗಾಲಿಯನ್ನು ಹಿಡಿದಿರುವ ಕಬ್ಬಿಣದ ತೋಳಿಗೂ ಕಾರಿನ ಮೈಗೂ ನಡುವೆ ರಬ್ಬರಿನ ಬುಶ್ ಇರುತ್ತದೆ. ಅದು ಸವೆದರೆ ಕಬ್ಬಿಣ ಕಬ್ಬಿಣಕ್ಕೆ ಬಡಿಯುತ್ತದೆ, ಗುಂಡಿಯ ಪೆಟ್ಟು ನೇರ ಒಳಗೆ ಬರುತ್ತದೆ. ಇದನ್ನು ಅಕ್ಕನಿಗೆ ವಿವರಿಸಿದೆ. ಅವಳು ಹೊರಸಿನ ಮೇಲೆ ಮಲಗಿಯೇ ಕೇಳಿಸಿಕೊಂಡು, "ನನ್ನ ಬೆನ್ನಾಗಿನವೂ ಅವಽ ಸವದಾವಂತ ಡಾಕ್ಟರ್ ಹೇಳ್ಯಾನ. ಅಂಗಡ್ಯಾಗ ಸಿಕ್ಕರ ಒಂದ್ ಜತಿ ತೊಗೊಂಬಾ," ಅಂದಳು. ನಗುವುದಕ್ಕೆ ಅವಳೊಬ್ಬಳಿಗೇ ಧೈರ್ಯವಿತ್ತು.

ಗ್ಯಾರೇಜಿನವನು ಕಾರನ್ನು ಬಿಟ್ಟು ಹೋಗು, ಯಾವಾಗ ಕೊಡುತ್ತೇನೋ ಹೇಳಲಾರೆ ಅಂದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನೀನೇ ಇಟ್ಟುಕೋ ನಿನ್ನ ಗ್ಯಾರೇಜು ಎಂದು ಹೇಳಿ ಬಂದೆ. ಲಿಂಗಸುಗೂರಿನ ಒಂದು ಬಿಡಿಭಾಗದ ಅಂಗಡಿಯಲ್ಲಿ ಆ ಹಳೆಯ ಮಾದರಿಯ ಬುಶ್‌ಗಳು ಸಿಕ್ಕವು. ಅಂಗಡಿಯವನು ಪೊಟ್ಟಣ ಕೊಡುತ್ತ, ಗ್ರೀಸ್ ಮಾತ್ರ ಹಚ್ಚಬೇಡಿ, ರಬ್ಬರು ಉಬ್ಬಿ ಹರಿಯುತ್ತದೆ, ಜಾರಿ ಕೂರಲು ಸೋಪಿನ ನೀರಷ್ಟೇ ಸಾಕು ಎಂದ. ಫೋನಿನಲ್ಲಿ ನೋಡಿದ ವಿಡಿಯೋಗಳಲ್ಲೂ ಅದನ್ನೇ ಹೇಳಿದ್ದರು.

ಭಾನುವಾರ ಬೆಳಿಗ್ಗೆ ಅಂಗಳದ ಬೇವಿನ ಮರದ ಕೆಳಗೆ ಜಾಕ್ ಹಚ್ಚಿದೆ. ಜಾಕ್ ಜಾರಿದರೆ ಇರಲಿ ಎಂದು ಕಲ್ಲುಗಳನ್ನೂ ಒಟ್ಟಿದೆ. ಈಗಾಗಲೇ ಮನೆಯಲ್ಲಿ ಒಬ್ಬರು ಮಲಗಿದ್ದಾರೆ, ನೀವೂ ಮಲಗಿದರೆ ಇಬ್ಬರಿಗೂ ಗಂಜಿ ಕಾಯಿಸಲು ನನ್ನಿಂದಾಗದು ಎಂದು ಹೆಂಡತಿ ಎಚ್ಚರಿಸಿ ಒಳಗೆ ಹೋದಳು. ತುಕ್ಕು ಹಿಡಿದ ಬೋಲ್ಟುಗಳು ಮೊಂಡು ಎತ್ತುಗಳಂತೆ ಕದಲಲಿಲ್ಲ. ಬೋಲ್ಟು ತಿರುಗಿಸುವ ಪಾನಾದ ಹಿಡಿಗೆ ಪೈಪು ಸಿಕ್ಕಿಸಿ ತುಳಿದ ಮೇಲೆ ಕಿರ್ರೆಂದು ಬಿಟ್ಟುಕೊಟ್ಟವು. ತೋಳನ್ನು ಹೊರಗೆ ತೆಗೆದು ನೋಡಿದರೆ ಹಳೆಯ ರಬ್ಬರು ಬಿರಿದು ಪುಡಿಪುಡಿಯಾಗಿತ್ತು. ಅದರ ಕಬ್ಬಿಣದ ಚಿಪ್ಪನ್ನು ಗರಗಸದ ಬ್ಲೇಡಿನಿಂದ ಕೊಯ್ದು ಕಿತ್ತೆ. ಬೆರಳನ್ನೂ ಒಂದಿಷ್ಟು ಕೊಯ್ದುಕೊಂಡೆ. ಕಿತ್ತ ಜಾಗವನ್ನು ಒರೆಸಿ, ಬೋಗುಣಿಯಲ್ಲಿ ಸೋಪಿನ ನೀರು ಕಲಸಿ, ಹೊಸ ಬುಶ್ ಕೈಗೆತ್ತಿಕೊಂಡೆ.

ಆಗ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಯಾರ ಕೈಯನ್ನೂ ಹಿಡಿಯದೆ ಅವಳು ಎದ್ದು ಬಂದು ಎಷ್ಟೋ ದಿನಗಳಾಗಿದ್ದವು. ಬಾಗಿಲ ಚೌಕಟ್ಟು ಹಿಡಿದು, ಗೋಡೆ ಹಿಡಿದು, ಕೊನೆಗೆ ಕಾರಿನ ಮೈ ಹಿಡಿದು ನನ್ನ ಹತ್ತಿರ ಬಂದಳು.

"ಲೇ ತಮ್ಮಾ, ಒಣ ಅಚ್ಚಿಗೆ ಗಾಲಿ ಏರಸ್ತಾರೇನು ನಮ್ಮ ಮನ್ಯಾಗ?"

ಅಪ್ಪನ ಕಾಲದಲ್ಲಿ ನಮ್ಮ ಮನೆಯಲ್ಲಿ ಎತ್ತಿನ ಚಕ್ಕಡಿ ಇತ್ತು. ಅದರ ಗಾಲಿ ಬಿಚ್ಚಿದರೆ, ಮತ್ತೆ ಏರಿಸುವ ಮೊದಲು ಅಚ್ಚಿಗೆ ಕೀಲೆಣ್ಣೆಯ ಮೊದಲ ಬೆರಳು ಮನೆಯ ಮಗಳದ್ದೇ ಆಗಬೇಕು. ಗಂಡಸರು ಹಚ್ಚುವಂತಿಲ್ಲ. ಅಕ್ಕ ಹಿತ್ತಲಲ್ಲಿ ಏನೋ ಕೆಲಸದಲ್ಲಿದ್ದರೆ ಅಪ್ಪ ಆ ಭಾರದ ಗಾಲಿಯನ್ನು ತೊಡೆಗೆ ಆನಿಸಿಕೊಂಡು, ಅವಳು ಬರುವ ತನಕ ಬಾಯಿಬಿಡದೆ ನಿಂತಿರುತ್ತಿದ್ದ. ಬೇರೆ ಯಾವುದಕ್ಕೂ ಅಪ್ಪ ಯಾರಿಗೂ ಕಾದವನಲ್ಲ. ಈಗ ಚಕ್ಕಡಿಯೂ ಇಲ್ಲ, ಕೀಲೆಣ್ಣೆಯೂ ಇಲ್ಲ. ಯಾವುದಕ್ಕೋ ತಂದ ಗ್ರೀಸಿನ ಡಬ್ಬಿಯೊಂದು ಪಡಸಾಲೆಯ ಮೂಲೆಯಲ್ಲಿತ್ತು. ಅಕ್ಕನ ಕಣ್ಣು ಅದರ ಮೇಲಿತ್ತು.

ಇದು ರಬ್ಬರು, ಗ್ರೀಸ್ ತಾಗಿದರೆ ಕೆಡುತ್ತದೆ ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿಕೊಂಡೆ. ಆರು ತಿಂಗಳಿಂದ ಈ ಮನೆಯಲ್ಲಿ ಯಾರೂ ಅವಳಿಂದ ಒಂದು ಕೆಲಸ ಕೇಳಿರಲಿಲ್ಲ. ಡಬ್ಬಿ ತಂದು ಮುಂದಿಟ್ಟೆ, ಕೂರಲು ಮಣೆ ಹಾಕಿದೆ. ಅವಳು ಬೆರಳ ತುಂಬ ಗ್ರೀಸ್ ತೆಗೆದು ಒಂದೊಂದು ಬುಶ್ಶಿಗೂ ಒಳಗೆ ಹೊರಗೆ, ಕೂಸಿಗೆ ಎಣ್ಣೆ ಹಚ್ಚುವ ಹಾಗೆ ಹಚ್ಚಿದಳು. ಬೆರಳಿಗೆ ಉಳಿದದ್ದನ್ನು ಗಾಲಿಗೆ ಬೊಟ್ಟಿಟ್ಟಳು. ನಾನು ತೋಳನ್ನು ತೊಡೆಗೆ ಆನಿಸಿಕೊಂಡು ಅವಳು ಮುಗಿಸುವ ತನಕ ಕಾದೆ. ರಬ್ಬರು ಕೆಡುತ್ತದೆಂದು ಗೊತ್ತಿದ್ದೂ, ಇವತ್ತು ಅವಳು ಕೇಳಿದರೂ ಹಾಗೆಯೇ ಮಾಡುತ್ತೇನೆ.

ತೋಳಿನ ತೂತಿಗೆ ಉದ್ದದ ಬೋಲ್ಟು, ಪೈಪಿನ ತುಂಡು ಇಟ್ಟು ಬಿಗಿಯುತ್ತ ಹೋದೆ, ಬುಶ್‌ಗಳು ಬೆಣ್ಣೆಯಲ್ಲಿ ಜಾರಿದಂತೆ ಕೂತವು. ಕಾರನ್ನು ನೆಲಕ್ಕಿಳಿಸಿ, ಅದರ ಭಾರ ಗಾಲಿಯ ಮೇಲೆ ಬಿದ್ದ ಮೇಲೆಯೇ ಕಡೆಯ ಬಿಗಿತ ಕೊಟ್ಟೆ. ಸಂಜೆ ಊರೊಳಗೆ ಒಂದು ಸುತ್ತು ಹಾಕಿದರೆ ಕಾರಿಗೆ ಮಾತೇ ಇರಲಿಲ್ಲ. ಅಕ್ಕನ ಮುಂದೆ ಮೀಸೆ ತಿರುವಿದೆ.

ಆ ವಾರ ಸಿಂಧನೂರಿಗೆ ಹೊರಟೆವು. ಹಿಂದಿನ ಸೀಟಿಗೆ ಕೌದಿ ಹಾಸಿ ಅಕ್ಕನನ್ನು ಮಲಗಿಸಿದ್ದೆ. ಕಾಲುವೆಯ ಸೇತುವೆ ದಾಟುವಾಗ ಒಂದು ಗುಂಡಿ. ಗಾಲಿ ಮೆತ್ತಗೆ ಇಳಿದು ಮೆತ್ತಗೆ ಹತ್ತಿತು. ಆದರೆ ಏನೋ ಸಣ್ಣ ಸಪ್ಪಳ ಕೇಳಿಸಿತು. ಯಾವುದೋ ಬೋಲ್ಟು ಸಡಿಲಾಗಿರಬೇಕೆಂದು ಕಾರು ನಿಲ್ಲಿಸಿ, ಮೊಣಕಾಲೂರಿ ಕೆಳಗೆ ಬಗ್ಗಿ ನೋಡಿದೆ. ಎಲ್ಲವೂ ಗಟ್ಟಿಯಾಗಿತ್ತು. ಮತ್ತೆ ಹೊರಟೆ. ಮುಂದಿನ ಗುಂಡಿಯಲ್ಲಿ ಅದೇ ಸಪ್ಪಳ. ಕನ್ನಡಿಯಲ್ಲಿ ನೋಡಿದೆ. ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು.

ಕಾರು ಗದ್ದಲ ಮಾಡುತ್ತಿದ್ದಾಗಲೂ ಅವಳು ಹೀಗೆಯೇ ನರಳುತ್ತಿದ್ದಳು. ನನಗೆ ಕೇಳಿಸಿರಲಿಲ್ಲ, ಅಷ್ಟೇ. ನಾನು ಹೊಸ ಬುಶ್ ಹಾಕಿ ಅವಳ ನೋವನ್ನೇನೂ ತೆಗೆದಿರಲಿಲ್ಲ, ಅದರ ಮೇಲಿನ ಮುಸುಕನ್ನು ತೆಗೆದಿದ್ದೆ. ನನಗೆ ಅಳು ಬಂತು. ಆ ಅಳುವನ್ನು ಮುಚ್ಚುವುದಕ್ಕೂ ಕಾರಿನಲ್ಲಿ ಸಪ್ಪಳವಿರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ವಾರ ಅಕ್ಕ ಹೋಗುವ ದಾರಿಯಿಡೀ, ಬರುವ ದಾರಿಯಿಡೀ ಸೆರಗು ಕಚ್ಚಿಕೊಂಡಿರುತ್ತಿದ್ದಳು. ರೇಡಿಯೋ ಹಚ್ಚಿದೆ, ತಲೆನೋವು ಎಂದು ಆರಿಸಲು ಹೇಳಿದಳು. ಒಂದು ವಾರ, ಈ ಸಲ ಬೇಡ, ಅರಾಮ ಇದ್ದೀನಿ ಎಂದಳು. ಸೂಜಿಯಿಲ್ಲದ ಆ ವಾರ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಅದರ ಮುಂದಿನ ವಾರವೂ ಹೋಗುವುದಿಲ್ಲ ಅಂದಳು. ನೋವು ತಡೆಯುವುದಕ್ಕಿಂತ, ತಮ್ಮನಿಗೆ ಕೇಳಿಸದ ಹಾಗೆ ತಡೆಯುವುದು ಅವಳಿಗೆ ಹೆಚ್ಚು ಕಷ್ಟವಾಗಿತ್ತು. ಬೇಡಿಕೊಂಡು, ಜಗಳಾಡಿ, ಎತ್ತಿಕೊಂಡೇ ಹೋಗಿ ಕಾರಿನಲ್ಲಿ ಮಲಗಿಸಿದೆ.

ಬತ್ತ ತೆನೆಯಾಗುವ ಹೊತ್ತಿಗೆ ಅಂಗಡಿಯವನ ಮಾತು ನಿಜವಾಯಿತು. ಮೊದಲು ಒಂದು ಕಿರಿಕಿರಿ, ಆಮೇಲೆ ಸಣ್ಣಗೆ ಲಟಕ್, ಕೊನೆಗೆ ಹಳೆಯ ಲಟಕ್. ಕಾರಿನಡಿ ಮಲಗಿ ನೋಡಿದೆ. ರಬ್ಬರು ನೆನೆಯಿಟ್ಟ ಕಡಲೆಯ ಹಾಗೆ ಉಬ್ಬಿ ಅಂಚು ಹರಿದಿತ್ತು. ಕೈ ತೊಳೆದುಕೊಂಡು ಅಕ್ಕನ ಹತ್ತಿರ ಹೋಗಿ, ಭಾನುವಾರ ಬುಶ್ ಬದಲಿಸುತ್ತೇನೆ ಅಂದೆ. ಏಕೆ ಕೆಟ್ಟವು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸೂರು ನೋಡುತ್ತಲೇ ಅಂದಳು:

"ಇರ್ಲಿ ಬಿಡಪಾ. ಅದರ ಸಪ್ಪಳದಾಗ ನಾ ಒಂದೀಟು ನರಳ್ತೀನಿ."

ಮರುದಿನವೇ ಸಿಂಧನೂರಿಗೆ ಹೊರಟೆವು. ತಾನಾಗಿಯೇ ಬರುತ್ತೇನೆ ಅಂದಿದ್ದಳು. ಕಾಲುವೆಯ ಸೇತುವೆಯ ಮೇಲೆ ಕಾರು ಜೋರಾಗಿ ಲಟಕ್ ಅಂದಿತು. ಹಿಂದೆ ಅಕ್ಕ ಸೆರಗು ಬಿಟ್ಟು ಬಾಯಿ ತೆರೆದು ನರಳಿದಳು. ಆದರೆ ಅಷ್ಟರಲ್ಲಿ ನನ್ನ ಕಿವಿ ಎರಡು ಸಪ್ಪಳಗಳನ್ನು ಬೇರೆ ಮಾಡಿ ಕೇಳುವುದನ್ನು ಕಲಿತುಬಿಟ್ಟಿತ್ತು. ಎಷ್ಟು ಗದ್ದಲವಿದ್ದರೂ ಕಾರಿನದು ಬೇರೆ, ಅವಳದು ಬೇರೆ. ಕನ್ನಡಿಯನ್ನು ಆಚೆ ತಿರುಗಿಸಿದೆ.

ನಮ್ಮ ಊರು ಹಿಂದಾಯಿತು. ಅಕ್ಕ ಕೇಳಿದಳು, "ತಮ್ಮಾ, ಏನರ ಕೇಳಾಕತ್ತೈತೇನು ನಿನಗ?"

"ಈ ಗಾಡಿ ಗದ್ದಲದಾಗ ಏನ್ ಕೇಳ್ತೈತಿ ಅಕ್ಕಾ," ಅಂದೆ. "ಏನೂ ಕೇಳಂಗಿಲ್ಲ."